ಸಾತವ್ವ ಬಂದ್ರ ನಾನೂ ಬರ್ತೇನಿ

ನನ್ನವ್ವ ಮರೆವ್ವ ಮೊದಲ ಸಲ ಕಡಲು ನೋಡಿದ್ದು ೨೦೧೧ರ ದೀಪಾವಳಿ ಮುಗಿದ ಮೇಲೆ. ನಾನು ಕಾರವಾರದ ಆಸ್ಪತ್ರೆಯೊಂದರಲ್ಲಿ ನರ್ಸ್ ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ಇನ್ನೂ ಮದುವೆಯಾಗಿರಲಿಲ್ಲ, ಕ್ವಾರ್ಟರ್ಸ್‌ನಲ್ಲಿ ಒಬ್ಬಳೇ ಇದ್ದೆ. ಬೀಳಗಿಯ ಕಚೇರಿಯಲ್ಲಿ ಸಿಪಾಯಿಯಾಗಿದ್ದ ಅಪ್ಪನಿಗೆ ರಜೆ ಸಿಗಲಿಲ್ಲವೆಂದು ಅವ್ವ ಒಬ್ಬಳೇ ಬಸ್ಸು ಹತ್ತಿ ಬಂದಿದ್ದಳು.

ಸಂಜೆ ಅವಳನ್ನು ಬೀಚಿಗೆ ಕರೆದುಕೊಂಡು ಹೋದೆ. ಬಂದವರೆಲ್ಲ ಮೊದಲು ಕಾಲು ತೋಯಿಸಿಕೊಳ್ಳಲು ಓಡುತ್ತಾರೆ. ಅವ್ವ ಓಡಲಿಲ್ಲ. ಮರಳಿನ ಮೇಲೆ ಕೂತು, ಸಂತೆಯಲ್ಲಿ ಎತ್ತು ನೋಡುವವರ ಹಾಗೆ ಅರ್ಧ ತಾಸು ನೀರನ್ನೇ ನೋಡಿದಳು. ಅಷ್ಟರಲ್ಲಿ ಒಂದು ಬಿಳಿ ದೋಣಿ ದಂಡೆಗೆ ಬಂತು. ಅದರಿಂದ ನಾಲ್ಕು ಮಂದಿ ಗಂಡಸರು ಕೈಯಲ್ಲಿ ಉದ್ದನೆಯ ಗಾಳದ ಕೋಲು ಹಿಡಿದು ಇಳಿದರು.

"ಅವ್ರ್ಯಾರ ಕಾವೇರಿ? ಮೀನಗಾರ್ರಂತೂ ಅಲ್ಲ. ಕಾಲಾಗಿನ ಬೂಟ ನೋಡು."

"ಹುಬ್ಬಳ್ಳಿ ಕಡೆಯವರು ಇರ್ಬೇಕವ್ವಾ. ದೋಣಿ ಬಾಡಿಗಿ ಹಿಡದು ಕಡಲಾಗ ಗಾಳಾ ಹಾಕಾಕ ಹೋಗ್ತಾರ."

"ಮಾರಾಕೇನು?"

"ಇಲ್ಲ, ಸುಮ್ನ. ಹೌಸಿಗೆ."

ಅವ್ವ ಬಾಯಿಗೆ ಸೆರಗು ಹಿಡಿದು ನಕ್ಕಳು. ರೊಕ್ಕಾ ಕೊಟ್ಟು ಮೀನ ಹಿಡೀತಾರಂತ ಎಂದು ಮತ್ತೊಮ್ಮೆ ನಕ್ಕಳು. ರಾತ್ರಿ ಊಟಕ್ಕೆ ಕೂತಾಗ ಕೇಳಿದಳು:

"ಆ ದೋಣ್ಯಾಗ ಹೆಣಮಕ್ಕಳ್ನ ಕರ್ಕೊಂಡು ಹೋಗ್ತಾರೇನು?"

"ಯಾರನ್ನರೇ ಕರ್ಕೊಂಡು ಹೋಗ್ತಾರ. ನೀ ಹೋಗ್ತಿಯೇನು?"

"ಒಬ್ಬಾಕಿ ಒಲ್ಲೆ. ಸಾತವ್ವ ಬಂದ್ರ ನಾನೂ ಬರ್ತೇನಿ."

ಸಾತವ್ವ ಯಾರೆಂದು ಹೇಳಬೇಕಾದರೆ ಹೊಳೆಯಿಂದಲೇ ಶುರು ಮಾಡಬೇಕು.

ನಮ್ಮ ಊರು ಇದ್ದದ್ದು ಗಲಗಲಿಯಿಂದ ಸ್ವಲ್ಪ ಆಚೆ, ಕೃಷ್ಣೆಯ ದಂಡೆಗೆ. ಆಲಮಟ್ಟಿಯ ನೀರು ನಮ್ಮವರೆಗೆ ಬರುವ ಮೊದಲು ಬೇಸಿಗೆಯಲ್ಲಿ ಹೊಳೆ ಎರಡು ಮೂರು ಸೀಳಾಗಿ ಹರಿಯುತ್ತಿತ್ತು. ನಡುವೆ ಬಿಳಿ ಮರಳು, ಅಲ್ಲಲ್ಲಿ ಮಡು. ಆ ಮಡುಗಳಲ್ಲಿ ಗಾಳ ಹಾಕುವುದರಲ್ಲಿ ನನ್ನವ್ವನನ್ನು ಮೀರಿಸಿದವರು ಸುತ್ತಲ ನಾಲ್ಕೂರಲ್ಲಿ ಇರಲಿಲ್ಲ. ಅದು ನಮ್ಮ ಹೊಟ್ಟೆಪಾಡಲ್ಲ. ಕೂಲಿ ಇಲ್ಲದ ದಿನ, ಮನೆ ಕೆಲಸ ಮುಗಿಸಿ, ಬಿದಿರಿನ ಗಳ ಹೆಗಲ ಮೇಲಿಟ್ಟುಕೊಂಡು ಹೊರಟುಬಿಡುತ್ತಿದ್ದಳು. ಜೋಳದ ದಂಟಿನ ಬೆಂಡು, ತಿಪ್ಪೆಯ ಬುಡದಲ್ಲಿ ಅಗೆದ ಎರೆಹುಳ, ಇಷ್ಟೇ ಅವಳ ಸಾಮಾನು. ಆಚೆ ದಂಡೆಯ ಬೇವಿನಮರವೂ ಬೀರಪ್ಪನ ಗುಡಿಯ ಕಂಬವೂ ಒಂದೇ ಗೆರೆಗೆ ಬರುವ ಕಡೆ ಹೋಗಿ ನಿಲ್ಲುತ್ತಿದ್ದಳು. ಅಲ್ಲಿ ನೀರಿನಡಿ ಒಂದು ಬಂಡೆ, ಬಂಡೆಯ ಕೆಳಗೆ ಪೊಟರೆ, ಪೊಟರೆಯಲ್ಲಿ ಬಾಳೆಮೀನು. ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ಆದರೂ ಆ ನೀರಿನ ತಳ ಅವಳಿಗೆ ನಮ್ಮ ಅಡುಗೆಮನೆಯಷ್ಟೇ ಗೊತ್ತಿತ್ತು.

ಸಾತವ್ವ ಅದೇ ಹೊತ್ತಿಗೆ ಕುರಿ ನೀರಿಗೆ ಹೊಡೆದುಕೊಂಡು ಬರುತ್ತಿದ್ದಳು. ಅವರು ಹಾಲುಮತದವರು, ಗಂಡ ಗಿರಮಲ್ಲಪ್ಪನವರು ಬೀರಪ್ಪನ ಗುಡಿಯಲ್ಲಿ ಪೂಜೆಯ ಸರದಿ ಇದ್ದವರು. ನಾವು ಕೇರಿಯವರು. ಊರಲ್ಲಿ ಅವರ ಮನೆಯ ಕಟ್ಟೆಯವರೆಗೆ ನಾವು ಹೋಗುತ್ತಿದ್ದೆವು, ಅದರಾಚೆ ಇಲ್ಲ. ನಮ್ಮ ಓಣಿಗೆ ಅವರು ಬರುತ್ತಲೇ ಇರಲಿಲ್ಲ. ಆದರೆ ಮರಳಿನ ಮೇಲೆ ಓಣಿ ಎಲ್ಲಿಂದ ಬರಬೇಕು? ಮಧ್ಯಾಹ್ನ ಗಂಡಸರು ಮರದ ನೆರಳಲ್ಲಿ ಮಲಗಿದಾಗ ಇಬ್ಬರೂ ಮೂರು ಕಲ್ಲು ಹೂಡಿ, ಜಾಲಿ ಕಂಟಿಯಲ್ಲಿ ಮುಚ್ಚಿಟ್ಟಿದ್ದ ಗಡಿಗೆ ತೆಗೆದು ಮೀನು ಬೇಯಿಸುತ್ತಿದ್ದರು. ಖಾರ, ಉಪ್ಪು ನಮ್ಮದು. ರೊಟ್ಟಿ, ಶೇಂಗಾ ಹಿಂಡಿ ಅವರದು. ಒಂದೇ ತಾಟಿನಲ್ಲಿ ಇಬ್ಬರೂ ಉಣ್ಣುತ್ತಿದ್ದರು. ನಾನೂ ಸಾತವ್ವನ ಮಗಳು ಮಾಯಾಳೂ ಪಕ್ಕದಲ್ಲಿ ಮುಳ್ಳು ಬಿಡಿಸುತ್ತಾ ಕೂರುತ್ತಿದ್ದೆವು. ಕುರಿ ಕಡಿಯುವ ಮನೆಗೆ ಮೀನು ಮೈಲಿಗೆ ಏನಲ್ಲ. ನಮ್ಮ ಗಡಿಗೆಯದೇ ತಕರಾರು. ಅದಕ್ಕೇ ಉಂಡಾದ ಮೇಲೆ ಸಾತವ್ವ ಮರಳಿನಿಂದ ಕೈ ತಿಕ್ಕಿ, ವಾಸನೆ ಹೋಗಲೆಂದು ಹುಣಸೆಯ ಚಿಗುರು ಅಗಿದು, ಕುರಿ ಹೊಡೆದುಕೊಂಡು ಬೇರೆ ದಾರಿಯಿಂದ ಊರಿಗೆ ಹೋಗುತ್ತಿದ್ದಳು.

ಹೊಳೆಯಲ್ಲಿ ಅವಳನ್ನು ನಾನು 'ಚಿಗವ್ವಾ' ಅನ್ನುತ್ತಿದ್ದೆ. ಊರಲ್ಲಿ ಎದುರಾದರೆ 'ಸಾತವ್ವಾರ' ಅನ್ನಬೇಕು. ಇದನ್ನು ನನಗೆ ಯಾರೂ ಕಲಿಸಲಿಲ್ಲ, ಹೇಗೋ ಗೊತ್ತಾಗಿತ್ತು.

ಇದೆಲ್ಲ ಎಷ್ಟು ವರ್ಷ ನಡೆದಿತ್ತೋ ನನಗೆ ತಿಳಿಯದು, ನಾನು ಹುಟ್ಟುವ ಮೊದಲಿನಿಂದಲೂ ಇತ್ತಂತೆ. ನನಗೆ ಚೆನ್ನಾಗಿ ನೆನಪಿರುವುದು ತೊಂಬತ್ತೇಳು, ತೊಂಬತ್ತೆಂಟರ ಬೇಸಿಗೆ. ತೊಂಬತ್ತೊಂಬತ್ತರಲ್ಲಿ ಸಾತವ್ವ ಬರಲಿಲ್ಲ. ಅವಳ ಕುರಿಗಳು ಮೇಲಿನ ಕಡೆ, ಬೇರೆ ಕಡವಿಗೆ ನೀರು ಕುಡಿಯಲು ಹೋದವು. ಅವ್ವ ಎಂದಿನಂತೆ ಗಡಿಗೆ ತೊಳೆದಿಟ್ಟುಕೊಂಡು, ಬಿಸಿಲು ಇಳಿಯುವವರೆಗೆ ಆ ಕಡೆ ನೋಡುತ್ತಾ ಕೂರುತ್ತಿದ್ದಳು. "ಚಿಗವ್ವ ಯಾಕ ಬರವೊಲ್ಲಳು?" ಎಂದು ಕೇಳಿದರೆ, "ಕೆಲಸ ಇರ್ತಾವ ಅವರಿಗೆ" ಅಷ್ಟೇ. ಮುಂದಿನ ವರ್ಷ ಬೇಸಿಗೆ ಬಂತು, ಹೊಳೆ ಇಳಿಯಲಿಲ್ಲ. ಡ್ಯಾಮಿನ ನೀರು ಹಿಂದಕ್ಕೆ ಬಂದು ನಿಂತಿತ್ತು. ಮರಳು, ಮಡು, ಬಂಡೆ, ಬೇವಿನಮರ ಎಲ್ಲ ಒಂದೊಂದಾಗಿ ಕೆಳಗೆ ಹೋದವು. ನಾವು ಗಂಟುಮೂಟೆ ಕಟ್ಟಿಕೊಂಡು ಮೇಲಿನ ಎರೆಹೊಲದಲ್ಲಿ ಕಟ್ಟಿದ ಪುನರ್ವಸತಿ ಊರಿಗೆ ಬಂದೆವು. ಅಲ್ಲಿ ರಸ್ತೆ ನೇರ, ಮನೆಗಳಿಗೆ ನಂಬರು. ನಮ್ಮ ಸಾಲು ಒಂದು ತುದಿಗೆ, ಸಾತವ್ವನ ಸಾಲು ಇನ್ನೊಂದು ತುದಿಗೆ, ನಡುವೆ ನೀರಿನ ಟಾಕಿ.

ಆಮೇಲೆ ಅವ್ವ ಗಾಳ ಮುಟ್ಟಲಿಲ್ಲ. ನೀರು ಮೊದಲಿಗಿಂತ ಹತ್ತು ಪಟ್ಟು ಇತ್ತು, ಮೀನೂ ಇತ್ತು. "ಆ ನೀರಿಗೆ ತಳಾ ಗೊತ್ತಾಗೂದಿಲ್ಲ" ಅನ್ನುತ್ತಿದ್ದಳು. ಸಾತವ್ವನ ಮನೆಯಲ್ಲಿ ಮೇವಿಲ್ಲದೆ ಕುರಿ ಮಾರಿದರು. ಮಗ ಯಲ್ಲಾಲಿಂಗ ಮುಧೋಳದ ಕಡೆ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸಕ್ಕೆ ನಿಂತ. ಗೆಳತಿಯರು ಸಿಗುತ್ತಿದ್ದದ್ದು ಹಾಗೆ ಎಲ್ಲಾದರೂ, ಜಮಖಂಡಿ ದವಾಖಾನೆಯ ಪಾಳಿಯಲ್ಲಿ, ಮಹಾಲಿಂಗಪುರದ ಬಸ್‌ಸ್ಟ್ಯಾಂಡಿನಲ್ಲಿ. ಒಮ್ಮೆ ಅಲ್ಲಿ ಇಬ್ಬರೂ ಎರಡು ಬಸ್ಸು ಬಿಟ್ಟು ಮಾತಾಡುತ್ತಾ ನಿಂತಿದ್ದನ್ನು ನಾನು ಕಾಲೇಜಿನಿಂದ ಬರುವಾಗ ನೋಡಿದ್ದೇನೆ. ನನ್ನನ್ನು ಕಂಡೊಡನೆ ಇಬ್ಬರೂ, ಏನೋ ತಪ್ಪು ಮಾಡಿದವರಂತೆ, ತಮ್ಮ ತಮ್ಮ ಚೀಲ ಎತ್ತಿಕೊಂಡರು.

ಹೀಗಾಗಿ ಅವ್ವ 'ಸಾತವ್ವ ಬಂದ್ರ' ಎಂದಾಗ, ಆಗದ ಮಾತು ಹೇಳಿ ತಪ್ಪಿಸಿಕೊಳ್ಳುತ್ತಿದ್ದಾಳೆ ಎಂದೇ ನಾನು ತಿಳಿದೆ.

ಆದರೆ ನನಗೆ ಹಟ ಬಂತು. ದತ್ತಾ ಹರಿಕಂತ್ರ ಎಂಬ ದೋಣಿಯವನ ಪರಿಚಯವಿತ್ತು. ಅಂಗೈಗೆ ಹೊಕ್ಕಿದ್ದ ಗಾಳವನ್ನು ತೆಗೆಸಿಕೊಳ್ಳಲು ಆಸ್ಪತ್ರೆಗೆ ಬಂದಿದ್ದ, ನಾನೇ ಪಟ್ಟಿ ಕಟ್ಟಿದ್ದೆ. ಅವನಿಗೆ ಫೈಬರಿನ ದೋಣಿ ಇತ್ತು, ಗಾಳದ ಹವ್ಯಾಸ ಇರುವವರನ್ನು ಬಾಡಿಗೆಗೆ ಕಡಲಿಗೆ ಕರೆದೊಯ್ಯುತ್ತಿದ್ದ. ಅವನಿಗೆ ಹೇಳಿ ಜನವರಿಯ ಒಂದು ಭಾನುವಾರ ದೋಣಿ ಪೂರ್ತಿ ನಮಗೇ ಅಂತ ಗೊತ್ತು ಮಾಡಿದೆ. ಮಾಯಾ ಅವಳವ್ವನಿಗೆ ಒಂದು ಮೊಬೈಲು ಕೊಡಿಸಿದ್ದಳು. ಫೋನು ಮಾಡಿದರೆ ಸಾತವ್ವ ಮೊದಲು ಕಿರುಚಿದಳು, ಆಮೇಲೆ ಪಿಸುಗುಟ್ಟಿದಳು:

"ಬರ್ತೇನವ್ವ. ಮನ್ಯಾಗ ಗೋಕರ್ಣಕ್ಕ ಅಂತ ಹೇಳ್ತೇನಿ."

ಅವ್ವ ಆಗಲೇ ಊರಿಗೆ ಮರಳಿದ್ದಳು. ಸಂಕ್ರಾಂತಿಗೆ ಊರಿಗೆ ಹೋದಾಗ ನಾನೇ ಇಬ್ಬರನ್ನೂ ಕರೆದುಕೊಂಡು ಬರುವುದೆಂದು ಆಯಿತು. ಹೊರಡುವ ಹಿಂದಿನ ದಿನ ಸಾತವ್ವನ ಮನೆಗೆ ಹೋದೆ. ಗಿರಮಲ್ಲಪ್ಪನವರು ಹೊರಗೆ ಹೊರಸಿನ ಮೇಲೆ ಕಂಬಳಿ ಹಾಸಿ ಕೂತಿದ್ದರು. ಹಣೆಗೆ ಬೀರಪ್ಪನ ಅರಿಶಿನ ಭಂಡಾರ. ನಾನು ಕೆಳಗೆ ನಿಂತೇ ಮಾತಾಡಿಸಿದೆ.

"ಕಾಕಾರ, ನಾಳೆ ಬೆಳಗಿನ ಬಸ್ಸಿಗೆ ಗೋಕರ್ಣಕ್ಕ…"

"ಗೋಕರ್ಣಕ್ಕ ನಿಮ್ಮವ್ವನೂ ಬರ್ತಾಳೇನು?"

"ಹೂಂರಿ."

ಅವರು ಸ್ವಲ್ಪ ಹೊತ್ತು ಬೀದಿಯ ಕಡೆ ನೋಡಿದರು. ಆಮೇಲೆ ದನಿ ಇಳಿಸಿ ಅಂದರು: "ತಂಗಿ, ಕುರಿ ಹುಣಸಿ ಚಿಗುರು ತಿಂತಾವು. ಮನಿ ಹೆಣಮಗಳು ದಿನಾ ಯಾಕ ತಿಂದ ಬರ್ತಾಳ ಅಂತ ನಾ ಒಂದಿನಾನೂ ಕೇಳಿಲ್ಲ. ಈಗೂ ಕೇಳೂದಿಲ್ಲ. ಕರ್ಕೊಂಡು ಹೋಗಿ ಬಾ."

ನಾನು ತಲೆಯಾಡಿಸಿ ಬಂದುಬಿಟ್ಟೆ. ಸಾತವ್ವನಿಗೆ ಆ ಮಾತು ಹೇಳಲಿಲ್ಲ.

ಹುಬ್ಬಳ್ಳಿ ದಾಟಿ ಘಟ್ಟ ಇಳಿಯುವಾಗ ಸಾತವ್ವ ಮೂರು ಸಲ ವಾಂತಿ ಮಾಡಿಕೊಂಡಳು. ಮೂರು ಸಲವೂ ಅವ್ವ ಅವಳ ಹಣೆ ಹಿಡಿದುಕೊಂಡಿದ್ದಳು. ಭಾನುವಾರ ಬೆಳಕು ಹರಿಯುವ ಹೊತ್ತಿಗೆ ಕಾಳಿ ನದಿಯ ಮುಖದಲ್ಲಿ ದತ್ತಾನ ದೋಣಿ ತಯಾರಿತ್ತು. ಇಳಕಲ್ ಸೀರೆಯ ಮೇಲೆ ಕಿತ್ತಳೆ ಬಣ್ಣದ ಜಾಕೀಟು ತೊಡಿಸಿದಾಗ ಸಾತವ್ವ ತನ್ನ ಮೈ ತಾನೇ ನೋಡಿಕೊಂಡಳು.

"ಇದ ಯಾಕ? ಬಿದ್ರ ತೇಲಾಕೇನು?"

"ಹೌದಮ್ಮ. ಆದ್ರೆ ಬೀಳೋದಿಲ್ಲ, ನಾನಿದ್ದೇನೆ" ಎಂದ ದತ್ತಾ.

"ನೀ ಬಿದ್ರ?"

ದತ್ತಾ ತಾನೂ ಒಂದು ಜಾಕೀಟು ತೊಟ್ಟುಕೊಂಡ. ಆ ಇಬ್ಬರ ಮೇಲೆ ಅವನಿಗೆ ಗೌರವ ಹುಟ್ಟಿದ್ದು ಅಲ್ಲಿಂದಲೇ ಇರಬೇಕು.

ದೋಣಿ ನದಿ ಬಿಟ್ಟು ಕಡಲಿಗೆ ತಿರುಗಿದಾಗ ಸಾತವ್ವ ಸೆರಗಿನ ಗಂಟು ಬಿಚ್ಚಿ, ಚಿಟಿಕೆ ಭಂಡಾರ ತೆಗೆದು "ಬೀರಪ್ಪಾ" ಎಂದು ನೀರಿಗೆ ತೂರಿದಳು. ಅವ್ವ ಒಂದು ಬೊಗಸೆ ನೀರೆತ್ತಿ ನಾಲಿಗೆಗೆ ಮುಟ್ಟಿಸಿ ಉಗುಳಿದಳು. ಹಿಂದೆ ಸಹ್ಯಾದ್ರಿಯ ಗುಡ್ಡಗಳು ನೀಲಿಯಾಗಿ ನಿಂತಿದ್ದವು. ಮುಂದೆ ದೀಪಸ್ತಂಭದ ನಡುಗಡ್ಡೆ. ಒಂದು ತಾಸು ಹೋದ ಮೇಲೆ ದತ್ತಾ ಎಂಜಿನ್ ನಿಲ್ಲಿಸಿ ಲಂಗರು ಇಳಿಸಿದ. ದೋಣಿ ನಿಂತಲ್ಲೇ ತೂಗತೊಡಗಿತು. ನನ್ನ ತಲೆ ತಿರುಗತೊಡಗಿತು.

ಮುಂದಿನದೆಲ್ಲ ನಾನು ನೋಡಿದ್ದು ದೋಣಿಯ ಹಲಗೆಯ ಮೇಲೆ ಅಡ್ಡಬಿದ್ದುಕೊಂಡು, ನಡುನಡುವೆ ಅಂಚಿಗೆ ಬಗ್ಗಿ ಹೊಟ್ಟೆ ಖಾಲಿ ಮಾಡಿಕೊಳ್ಳುತ್ತಾ. ವರ್ಷಗಟ್ಟಲೆ ಆಸ್ಪತ್ರೆಯಲ್ಲಿ ಏನೇನೋ ಕಂಡು ಗಟ್ಟಿಯಾದವಳು ಎಂದುಕೊಂಡಿದ್ದೆ. ಆ ಇಬ್ಬರಿಗೆ ಏನೂ ಆಗಲಿಲ್ಲ.

ದತ್ತಾ ಅವ್ವನ ಕೈಗೆ ಕೋಲು ಕೊಟ್ಟ. ಚಕ್ರ ತಿರುಗಿಸುವುದು, ದಾರ ಬಿಡುವುದು ಎಲ್ಲ ತೋರಿಸಿದ. ಅವ್ವ ಒಮ್ಮೆ ಎಸೆದಳು, ದಾರ ಚಕ್ರಕ್ಕೆ ಸುತ್ತಿಕೊಂಡು ಕಾಗೆಗೂಡಿನಂತಾಯಿತು. ಬಿಡಿಸಿಕೊಟ್ಟ. ಮತ್ತೆ ಅದೇ. ಅವಳು ಕೋಲನ್ನು ಮೆಲ್ಲಗೆ ಕೆಳಗಿಟ್ಟು, ಕೈಕಟ್ಟಿ ಕೂತಳು. ಅವಳ ಮುಖ ನೋಡಿ ನನಗೆ ಅಳು ಬರುವಂತಾಯಿತು. ಇಷ್ಟು ದೂರ ಕರೆತಂದದ್ದು ಇದಕ್ಕೇನು?

ಸ್ವಲ್ಪ ಹೊತ್ತಿನ ಮೇಲೆ ಅವ್ವ ಕೇಳಿದಳು: "ತಮ್ಮಾ, ಇಷ್ಟ ದೊಡ್ಡ ಕಡಲಾಗ ಇಲ್ಲೇ ಯಾಕ ನಿಲ್ಲಿಸಿದಿ?"

"ಕೆಳಗೆ ಕಲ್ಲು ಉಂಟಮ್ಮ. ಕಲ್ಲಿನ ಸಂದಿಯಲ್ಲಿ ದೊಡ್ಡ ಮೀನು ಇರ್ತದೆ."

"ಕಲ್ಲ ಐತಿ ಅಂತ ಹೆಂಗ ಗೊತ್ತು?"

"ಅದೋ ಆ ದೀಪಸ್ತಂಭ ನೋಡಿ. ಅದರ ಹಿಂದೆ ಆ ಚೂಪು ಗುಡ್ಡದ ತುದಿ ಬರ್ಬೇಕು. ಈ ಕಡೆ ಆ ಬಂಡೆಯೂ ಆ ತೆಂಗಿನ ಸಾಲೂ ಕೂಡ್ಬೇಕು. ಎರಡೂ ಕೂಡಿದಲ್ಲಿ ಕಲ್ಲು. ನನ್ನ ಅಪ್ಪ ತೋರಿಸಿದ್ದು."

ಅವ್ವ ಎದ್ದು ನಿಂತಳು. ತೂಗುವ ದೋಣಿಯಲ್ಲಿ ಏನನ್ನೂ ಹಿಡಿಯದೆ, ಅವನು ತೋರಿಸಿದ ಎರಡೂ ಗೆರೆಗಳನ್ನು ಕಣ್ಣಳತೆಯಲ್ಲಿ ನೋಡಿದಳು.

"ಸಾತವ್ವಾ, ಕೇಳಿದೇನಬೇ? ನಮ್ಮ ಬೇವಿನ ಗಿಡಾ, ಗುಡಿ ಕಂಬಾ ಇದ್ದಂಗ."

"ಕೇಳಿದೆ. ಅವನೂ ನಿನ್ನಂಗ" ಎಂದಳು ಸಾತವ್ವ.

ಅವ್ವ ದತ್ತಾನಿಗೆ ಹೊಳೆಯ ಮಡುವಿನ ಕತೆ ಹೇಳಿದಳು. ಅವನಿಗೆ ಅವಳ ಮಾತು ಅರ್ಧ ತಿಳಿಯಿತೋ ಇಲ್ಲವೋ, ಕೆಲಸ ಮಾತ್ರ ಪೂರ್ತಿ ತಿಳಿಯಿತು. ಹಲಗೆಯ ಕೆಳಗಿನಿಂದ ಒಂದು ಮರದ ಚೌಕಟ್ಟು ತೆಗೆದ. ಅದಕ್ಕೆ ದಪ್ಪ ನೈಲಾನ್ ದಾರ ಸುತ್ತಿತ್ತು, ತುದಿಗೆ ಸೀಸದ ಗುಂಡು, ಒಂದೇ ಒಂದು ಗಾಳ. "ಇದು ನನ್ನದು, ಗಿರಾಕಿಗಳಿಗೆ ಕೊಡೋದಿಲ್ಲ" ಎಂದು ಬಂಗಡೆಯ ತುಂಡು ಸಿಕ್ಕಿಸಿ ಅವ್ವನ ಕೈಗಿಟ್ಟ.

ಅವ್ವ ದಾರವನ್ನು ಬೆರಳ ಮೇಲಿಂದ ಜಾರಬಿಟ್ಟಳು. ಮಾರು ಮಾರಾಗಿ ಅದು ಹಸಿರು ನೀರಿನೊಳಗೆ ಇಳಿಯಿತು. ಇಳಿಯುತ್ತಲೇ ಇತ್ತು. ಅವಳ ತುಟಿ ಏನೋ ಎಣಿಸುತ್ತಿತ್ತು. ಒಮ್ಮೆಲೇ ದಾರ ಸಡಿಲಾಯಿತು. ಅವ್ವ ಬೆರಳಿನಿಂದ ಅದನ್ನು ಮೆಲ್ಲಗೆ ಎತ್ತಿ, ಬಿಟ್ಟು, ಮತ್ತೆ ಎತ್ತಿದಳು. ಕಲ್ಲಿಗೆ ಗುಂಡು ತಾಕುವ ಸಪ್ಪಳ ಅವಳ ಬೆರಳಿಗೆ ಕೇಳಿಸುತ್ತಿತ್ತೋ ಏನೋ.

"ಸಾತವ್ವಾ, ಇದಕ್ಕ ತಳಾ ಐತಿ ಬೇ" ಎಂದಳು. ಕಣ್ಣು ತುಂಬಿ ಬಂದಿತ್ತು.

ಮೊದಲು ಎರಡು ಸಣ್ಣವು ಬಂದವು, ಕೆಂಪಗಿನವು. ಮೂರನೆಯದು ತಪ್ಪಿತು. ಬಿಸಿಲು ಏರಿತು. ಆಮೇಲೆ ಅವ್ವನ ಕೈ ಒಮ್ಮೆಲೇ ನೀರಿನ ಕಡೆಗೆ ಜಗ್ಗಿತು, ಅವಳು ದೋಣಿಯ ಅಂಚಿಗೆ ಮೊಣಕಾಲೂರಿದಳು. ದತ್ತಾ ಓಡಿ ಬಂದ. ದಾರ ಬಿಗಿದು ಗುಂಯ್‌ಗುಟ್ಟಿ, ಆಮೇಲೆ ಅಲುಗಲೇ ಇಲ್ಲ.

"ಸಂದಿಗೆ ಹೋಯ್ತು ಅಮ್ಮ. ಗೊಬ್ರೊ ಮೀನು, ಕಲ್ಲಿಗೆ ಮೈ ಒತ್ತಿ ಕೂತ್ರೆ ಬರೋದಿಲ್ಲ. ದಾರ ಕೊಯ್ತೇನೆ."

"ಕೊಯ್ಯಬ್ಯಾಡ" ಎಂದಳು ಅವ್ವ, ತಿರುಗಿಯೂ ನೋಡದೆ. "ಬಾಳಿ ಮೀನೂ ಹಿಂಗ ಮಾಡತಿತ್ತು. ಜಗ್ಗಬಾರ್ದು. ಸಡಲ ಬಿಡಬೇಕು. ನಾವು ಹೋದಿವಿ ಅಂತ ಅದಕ್ಕ ಅನಸ್ಬೇಕು."

ದಾರ ಸಡಿಲ ಬಿಟ್ಟಳು. ನೀರು ದೋಣಿಯ ಹೊಟ್ಟೆಗೆ ತಟ್ಟುವ ಸದ್ದಷ್ಟೇ. ನನಗೆ ವಾಂತಿ ಬಂದರೂ ತಡೆದುಕೊಂಡೆ. ಹತ್ತು ನಿಮಿಷ ಆಗಿರಬೇಕು. ಅವ್ವ ತಲೆಯೆತ್ತದೆ ಎಡಗೈ ಹಿಂದಕ್ಕೆ ಚಾಚಿದಳು. ಸಾತವ್ವ ಎದ್ದು ಹೋಗಿ ಅವಳ ನಡ ಹಿಡಿದು, ಕಾಲು ಅಗಲಿಸಿ ಗಟ್ಟಿಯಾಗಿ ಕೂತಳು. ಹನ್ನೆರಡು ವರ್ಷದವಳಿದ್ದಾಗ ಸೊಂಟದ ನೀರಲ್ಲಿ ನಿಂತ ಇಬ್ಬರನ್ನೂ ಹೀಗೇ ನೋಡಿದ್ದೆ.

"ಈಗ" ಎಂದಳು ಅವ್ವ.

ಇಬ್ಬರೂ ಒಂದೇ ಉಸಿರಿಗೆ ಹಿಂದಕ್ಕೆ ವಾಲಿದರು. ದಾರ ಮಾರು ಬಂತು, ಎರಡು ಮಾರು ಬಂತು. ಅವ್ವನ ಬೆರಳು ಕೊಯ್ದು ರಕ್ತ ದಾರಕ್ಕೆ ಹತ್ತಿತು. ಸಾತವ್ವ ತನ್ನ ಸೆರಗಿನ ತುದಿ ಹರಿದು ಅವಳ ಅಂಗೈಗೆ ಸುತ್ತಿದಳು, ಆಮೇಲೆ ತಾನೂ ದಾರಕ್ಕೆ ಕೈ ಹಾಕಿದಳು. ಕಡೆಗೆ ಕೆಳಗೆ ಕಂದು ಬಣ್ಣದ್ದೇನೋ ಹೊರಳಿತು. ದತ್ತಾ ಕೊಕ್ಕೆ ಹಾಕಿ ಒಳಗೆಳೆದ. ಒಂದು ವರ್ಷದ ಕೂಸಿನಷ್ಟು ಇತ್ತು ಮೀನು, ಮೈತುಂಬ ಚುಕ್ಕೆ, ದಪ್ಪ ತುಟಿ. ದತ್ತಾ ಕೊಂಕಣಿಯಲ್ಲಿ ಏನೇನೋ ಕೂಗುತ್ತಾ ಕುಣಿದ.

ಸಾತವ್ವ ಮೀನಿನ ಮುಖ ನೋಡಿ, "ಇದು ನಮ್ಮ ಅತ್ತೀ ಇದ್ದಂಗ ಐತಿ" ಎಂದಳು. ಅವ್ವ ನಕ್ಕು ನಕ್ಕು ದೋಣಿಯಲ್ಲಿ ಮಲಗಿಬಿಟ್ಟಳು.

ಮಧ್ಯಾಹ್ನ ದತ್ತಾ ನಡುಗಡ್ಡೆಯ ಸಣ್ಣ ಮರಳ ದಂಡೆಗೆ ದೋಣಿ ತಂದ. ನೆಲ ಮುಟ್ಟಿದ ಮೇಲೆ ನನಗೆ ಜೀವ ಬಂತು. ಮೂರು ಕಲ್ಲು, ಒಣ ತೆಂಗಿನ ಗರಿ, ದತ್ತಾನ ಪಾತ್ರೆ. ದೊಡ್ಡ ಮೀನಿನ ತಲೆ ಬೇಯಲು ಇಟ್ಟು ಉಳಿದದ್ದು ದತ್ತಾನ ಮನೆಗೆ ಎಂದು ಅವ್ವ ಹೇಳಿದಳು. ಸಾತವ್ವ ಚೀಲದಿಂದ ಗರಿಗರಿಯಾದ ಕಟಕ ರೊಟ್ಟಿ, ಶೇಂಗಾ ಹಿಂಡಿ ತೆಗೆದಳು. ಇದ್ದದ್ದು ಮೂರು ತಾಟು. ಅವ್ವನೂ ಸಾತವ್ವನೂ ಯೋಚಿಸಲೇ ಇಲ್ಲ, ಒಂದರಲ್ಲೇ ಕೂತರು. ದತ್ತಾ ತನ್ನ ಪಾಲು ಎತ್ತಿಕೊಂಡು ದೋಣಿಯ ಲಂಗರು ನೋಡಲು ಹೋದ.

ಎರಡು ತುತ್ತು ಉಂಡು ಸಾತವ್ವ ಕೈ ನಿಲ್ಲಿಸಿದಳು.

"ಮರೆವ್ವಾ, ಆ ವರ್ಷ ನಾ ಬರ್ಲಿಲ್ಲ. ನೀ ಯಾಕಂತ ಕೇಳ್ಲೇ ಇಲ್ಲ."

"ಈಗ್ಯಾಕ ಅದು? ಉಣ್ಣು."

"ಇಲ್ಲ, ಹೇಳ್ತೇನಿ. ಯಾರೋ ನಮ್ಮತ್ತಿಗೆ ಹೇಳಿದ್ರು. ಆಕಿ ನನ್ನ ಗುಡಿಗೆ ಕರ್ಕೊಂಡು ಹೋಗಿ ಭಂಡಾರ ಮುಟ್ಟಿಸಿದ್ಳು. ಕೇರ್ಯಾಗಿನವರ ಗಡಿಗ್ಯಾಗ ಉಂಡಿಯೇನು ಅಂದ್ಳು. ಇಲ್ಲ ಅಂದೆ. ಇನ್ನ ಮ್ಯಾಲ ಉಣ್ಣೂದಿಲ್ಲ ಅಂತ ಆಣಿ ಮಾಡು ಅಂದ್ಳು, ಮಾಡಿದೆ. ಒಂದ ವರ್ಷ ಕಳೀಲಿ, ಮುದುಕಿ ಮರೀತಾಳ, ಮುಂದಿನ ಬ್ಯಾಸಗಿಗೆ ಹೋದ್ರಾತು ಅಂದ್ಕೊಂಡೆ. ಅದ ಕಡೀ ಬ್ಯಾಸಗಿ ಅಂತ ನನಗೇನ ಗೊತ್ತಿತ್ತಬೇ?"

ಅವ್ವ ಮೀನಿನ ಮುಳ್ಳು ಬಿಡಿಸುತ್ತಲೇ ಇದ್ದಳು. ಒಲೆಯಲ್ಲಿ ಗರಿ ಚಟಚಟ ಉರಿಯುತ್ತಿತ್ತು.

"ಕೇಳಿದ್ರ ನೀ ನನ್ನ ಮುಂದೂ ಸುಳ್ಳ ಹೇಳಬೇಕಾಗ್ತಿತ್ತು" ಎಂದಳು. "ಅದಕ್ಕ ಕೇಳ್ಲಿಲ್ಲ."

ಸಾತವ್ವ ಮರಳಿನ ಕಡೆ ಮುಖ ತಿರುಗಿಸಿ ಅತ್ತಳು. ಅವ್ವ ಎಡಗೈಯಿಂದ ಅವಳ ಬೆನ್ನು ಸವರುತ್ತಾ, ಬಲಗೈಯಿಂದ ಮುಳ್ಳು ಬಿಡಿಸಿದ ತುಂಡುಗಳನ್ನು ಅವಳ ಕಡೆಗೆ ಸರಿಸುತ್ತಿದ್ದಳು.

ನನಗೆ ತಡೆಯಲಾಗಲಿಲ್ಲ. ಸಮಾಧಾನವಾಗಲೆಂದೇ ಹೇಳಿದೆ: "ಚಿಗವ್ವಾ, ಕಾಕಾರಿಗೆ ಎಲ್ಲಾ ಗೊತ್ತಿತ್ತು. ಹುಣಸಿ ಚಿಗುರಿನ ವಿಷಯ ಅವರ ನನಗ ಹೇಳಿದ್ರು. ಮನಸಿನ್ಯಾಗ ಏನೂ ಇಟ್ಕೊಂಡಿಲ್ಲ ಅವರು."

ಅವಳ ಅಳು ನಿಂತಿತು. ಸಮಾಧಾನದಿಂದಲ್ಲ. ಕಣ್ಣೊರೆಸಿಕೊಂಡು ನನ್ನನ್ನೇ ದಿಟ್ಟಿಸಿದಳು.

"ಗೊತ್ತಿತ್ತಂತ? ಆಣಿ ಮಾಡಿಸ್ವಾಗ ಅಲ್ಲೇ ಗುಡಿ ಮೂಲ್ಯಾಗ ನಿಂತಿದ್ದ. ಅವತ್ತ ಒಂದ ಮಾತ ಆಡಿದ್ರ ಮುದುಕಿ ಬಾಯಿ ಮುಚ್ಚತಿದ್ಳು. ಗೊತ್ತಿದ್ದು ಸುಮ್ನ ಇದ್ದದ್ದು ದೊಡ್ಡಸ್ತಿಕೀ ಏನು?"

ಅಲ್ಲಿಯವರೆಗೆ ಗಿರಮಲ್ಲಪ್ಪನವರ ಆ ಮಾತು ನನಗೆ ಎಷ್ಟು ದೊಡ್ಡದಾಗಿ ಕಂಡಿತ್ತು!

ಸಾತವ್ವ ತಾಟು ಎಳೆದುಕೊಂಡು ಹೊಟ್ಟೆತುಂಬ ಉಂಡಳು. ಆಮೇಲೆ ಇಬ್ಬರೂ ಕಾಲು ಚಾಚಿ, ಜಾಕೀಟು ತಲೆಗಿಟ್ಟುಕೊಂಡು ಮರಳಿನ ಮೇಲೆ ಮಲಗಿದರು. ಹಳೆಯ ಊರಿನವರ ಹೆಸರು ಒಂದೊಂದೇ ಎತ್ತಿ ಮಾತಾಡಿದರು. ಬೋರವ್ವನ ಟಗರು ಯಾರ ಹೊಲ ಮೇದಿತ್ತು, ಕಾಶಪ್ಪ ಹೊಳೆ ದಾಟುವಾಗ ಧೋತರ ಹೇಗೆ ಹರಿದುಹೋಯಿತು, ಯಾವ ಮಡುವಿನ ನೀರು ತಣ್ಣಗಿತ್ತು. ನಾನು ಕಣ್ಣು ಮುಚ್ಚಿ ಕೇಳುತ್ತಿದ್ದೆ. ಆ ಹೊತ್ತು ಕಡಲಿನ ಸದ್ದು ದೂರವಾಗಿ, ಕುರಿಗಳು ನೀರಿಗಿಳಿಯುವ ಸದ್ದು ಕೇಳಿದಂತೆ ಆಯಿತು. ಮಾಯಾ ಪಕ್ಕದಲ್ಲೇ ಇದ್ದಾಳೆ ಅನ್ನಿಸಿತು, ತೆರೆದರೆ ಇರುವುದಿಲ್ಲವೆಂದು ಕಣ್ಣು ತೆರೆಯಲಿಲ್ಲ.

ಮರುದಿನ ಗೋಕರ್ಣಕ್ಕೂ ಹೋದೆವು. ಸುಳ್ಳು ಹೇಳಿದಂತಾಗಬಾರದು ಎಂದು ಸಾತವ್ವನೇ ಹಟ ಹಿಡಿದಳು.

ಮಂಗಳವಾರ ಬೆಳಿಗ್ಗೆ ಅವರನ್ನು ಊರಿಗೆ ಬಿಟ್ಟುಬರಲು ನಾನೂ ಹೊರಟೆ. ಊರ ಮುಂದೆ ಬಸ್ಸು ಇಳಿದಾಗ ಸಂಜೆ ಐದೂವರೆ. ಟಾಕಿಯ ಹತ್ತಿರ ರಸ್ತೆ ಎರಡಾಗುತ್ತದೆ. ಅಲ್ಲಿ ಅವ್ವ ನಿಂತು, "ಮನಿಗೆ ಹೋಗಬೇ, ದಣದೀದಿ" ಎಂದಳು.

"ಚಾ ಕುಡದ ಹೋಗ್ತೇನಿ" ಎಂದಳು ಸಾತವ್ವ.

"ಎಲ್ಲಿ?"

"ಎಲ್ಲೇನಬೇ? ನಿಮ್ಮ ಮನ್ಯಾಗ."

ನಮ್ಮ ಸಾಲಿನ ಬಾಗಿಲುಗಳಲ್ಲಿ ಹೆಂಗಸರು ಕೂತಿದ್ದರು. ಪಕ್ಕದ ಮನೆಯ ಭಾಗವ್ವ ಜೋಳ ಹಸನು ಮಾಡುವುದನ್ನು ನಿಲ್ಲಿಸಿದಳು. ಸಾತವ್ವ ಯಾರನ್ನೂ ನೋಡಲಿಲ್ಲ, ಅವಸರವನ್ನೂ ಮಾಡಲಿಲ್ಲ. ಹೊಸ್ತಿಲು ದಾಟಿ ನೇರ ಅಡುಗೆಮನೆಗೆ ಹೋಗಿ ಒಲೆಯ ಪಕ್ಕದ ಕಟ್ಟೆಗೆ ಬೆನ್ನು ಕೊಟ್ಟು ಕೂತಳು. ಅಪ್ಪ ಗಡಿಬಿಡಿಯಲ್ಲಿ ಗಾಜಿನ ಗ್ಲಾಸು ತೆಗೆದು, ಸೀಳು ಬಿಟ್ಟಿದೆ ಎಂದು ಒಳಗಿಟ್ಟು, ಸ್ಟೀಲಿನದು ತೆಗೆದು, ಅದನ್ನೂ ಮತ್ತೆ ತೊಳೆದ. "ಹೊಳೆಪ್ಪಣ್ಣಾ, ಯಾವದಾದ್ರೂ ನಡೀತೈತಿ" ಎಂದಳು ಅವಳು. ಒಂದು ಕಪ್ಪು ಕುಡಿದು ಸಕ್ಕರೆ ಕಮ್ಮಿ ಎಂದು ಅವ್ವನ ಜತೆ ಜಗಳಾಡಿ ಎರಡನೆಯದಕ್ಕೆ ಕಾದಳು.

ಅಷ್ಟರಲ್ಲಿ ಹೊರಗೆ ಕೋಲಿನ ಸದ್ದು. ಬಸ್ಸು ಬಂದು ಹೋಗಿ ತಾಸಾದರೂ ಹೆಂಡತಿ ಮನೆಗೆ ಬರಲಿಲ್ಲವೆಂದು ಗಿರಮಲ್ಲಪ್ಪನವರು ಹುಡುಕಿಕೊಂಡು ಬಂದಿದ್ದರು. ಅವರು ಅಂಗಳದಲ್ಲಿ ನಿಂತದ್ದು ಅಡುಗೆಮನೆಯಿಂದ ಕಾಣುತ್ತಿತ್ತು. ಓಣಿಯ ಜನವೆಲ್ಲ ಅವರನ್ನೇ ನೋಡುತ್ತಿತ್ತು. ಅಪ್ಪ ಎದ್ದು ನಿಂತ.

ಸಾತವ್ವ ಕೂತಲ್ಲಿಂದ ಏಳಲಿಲ್ಲ.

"ಅಲ್ಲ್ಯಾಕ ನಿಂತೀರಿ?" ಎಂದು ಗಟ್ಟಿಯಾಗಿ ಕೂಗಿದಳು, ಓಣಿಗೆಲ್ಲ ಕೇಳುವಂತೆ. "ಒಳಗ ಬರ್ರಿ."

ಮುದುಕರು ಒಮ್ಮೆ ಬೀದಿಯ ಆ ತುದಿ ನೋಡಿದರು, ಒಮ್ಮೆ ಈ ತುದಿ. ಕೋಲನ್ನು ಗೋಡೆಗೆ ಆನಿಸಿದರು. ಚಪ್ಪಲಿ ಬಿಡಲು ಅವರಿಗೆ ಬಹಳ ಹೊತ್ತು ಹಿಡಿಯಿತು. ಆಮೇಲೆ ಬಾಗಿಲಿನ ಎತ್ತರಕ್ಕೆ ತಲೆ ತಗ್ಗಿಸಿ, ಹೊಸ್ತಿಲು ದಾಟಿ ಒಳಗೆ ಬಂದರು.

ಅವ್ವ ಚಹಾದ ಪಾತ್ರೆಗೆ ಇನ್ನೊಂದು ಲೋಟ ನೀರು ಸುರಿದಳು.